ಕೋರ್ಟಿನ ಜಗಲಿ: ಪ್ರಾಸಿಕ್ಯೂಟರನ್ನು ಮನೆಗೆ ಕಳಿಸುವ ಓಟು

(ಓದುಗರ ಪ್ರಶ್ನೆಗಳಿಗೆ ಕಾಸರಗೋಡಿನ ನಿವೃತ್ತ ಸಹಾಯಕ ಪಬ್ಲಿಕ್ ಪ್ರಾಸಿಕ್ಯೂಟರ್ ಒಬ್ಬರ ಉತ್ತರ)

ಪ್ರಶ್ನೆ: ಸಾರ್, ನನ್ನ ಮಗ ಅಮೆರಿಕದ ಫ್ರೀಮಾಂಟ್‌ನಲ್ಲಿದ್ದಾನೆ. 2024ರ ಜನವರಿಯಲ್ಲಿ ನಾನೂ ನನ್ನ ಹೆಂಡತಿಯೂ ಅಲ್ಲಿದ್ದೆವು. ದಿನಸಿ ಅಂಗಡಿಗೆ ಹೋದರೆ ಬಾಗಿಲಲ್ಲೇ ಒಬ್ಬ ಕಾಗದ ಹಿಡಿದು ಸಹಿ ಕೇಳುತ್ತಿದ್ದ. ಜಿಲ್ಲೆಯ ಪ್ರಾಸಿಕ್ಯೂಟರನ್ನು ಇಳಿಸಲಿಕ್ಕಂತೆ. ನನಗೆ ಇಲ್ಲಿ ಓಟಿಲ್ಲ ಮಾರಾಯಾ ಎಂದು ತಪ್ಪಿಸಿಕೊಂಡೆ. ಆ ವರ್ಷ ನವೆಂಬರಿನಲ್ಲಿ ಆಕೆಯನ್ನು ಇಳಿಸಿಯೇ ಬಿಟ್ಟರು. ಪೊಲೀಸರನ್ನು ಪ್ರಶ್ನೆ ಮಾಡಿದ್ದಕ್ಕೆ ಇಳಿಸಿದರು ಎಂದು ಮಗ ಹೇಳುತ್ತಾನೆ. ಕಳ್ಳರನ್ನು ಬಿಟ್ಟದ್ದಕ್ಕೆ ಎಂದು ಸೊಸೆ ಹೇಳುತ್ತಾಳೆ. ಯಾರು ಸರಿ?
– ಒಬ್ಬ ಓದುಗ, ಉಪ್ಪಳ

ಉತ್ತರ: ಮನೆಯಲ್ಲಿ ಜಗಳ ಬೇಡ, ಇಬ್ಬರೂ ಸರಿ. ಆದರೆ ಸೊಸೆಯ ಮಾತಿಗೆ ಓಟು ಜಾಸ್ತಿ ಬಿತ್ತು.

ಅಲ್ಲಿಯ ಪದ್ಧತಿ ನಮಗಿಂತ ಪೂರ್ತಿ ಬೇರೆ. ಹೆಚ್ಚಿನ ರಾಜ್ಯಗಳಲ್ಲಿ ಜಿಲ್ಲೆಯ ಮುಖ್ಯ ಪ್ರಾಸಿಕ್ಯೂಟರ್ ಚುನಾವಣೆಗೆ ನಿಂತು ಗೆದ್ದು ಬರಬೇಕು. ಯಾರ ಮೇಲೆ ಕೇಸು ಹಾಕುವುದು, ಯಾರನ್ನು ಬಿಡುವುದು ಎಂಬುದು ಅವರ ಕೈಯಲ್ಲಿ. ಗೆಲ್ಲಿಸಿದವರಿಗೇ ಮಧ್ಯದಲ್ಲಿ ಇಳಿಸುವ ಹಕ್ಕೂ ಕ್ಯಾಲಿಫೋರ್ನಿಯಾದಲ್ಲಿ 1911ರಿಂದ ಉಂಟು. ತಪ್ಪು ಮಾಡಿದ್ದಾರೆ ಎಂದು ಸಾಬೀತು ಮಾಡಬೇಕಾಗಿಲ್ಲ. ಇಷ್ಟು ಮತದಾರರ ಸಹಿ ಬೇಕು ಎಂದು ಒಂದು ಲೆಕ್ಕ ಇರುತ್ತದೆ. ಅಷ್ಟಾದರೆ 'ಇಳಿಸಬೇಕೇ, ಬೇಡವೇ' ಎಂದು ಓಟು.

ನೀವು ಹೇಳಿದ್ದು ಅಲಮೀಡಾ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ) ಪಮೇಲಾ ಪ್ರೈಸ್ ಅವರ ವಿಷಯ. ನಾಗರಿಕ ಹಕ್ಕುಗಳ ವಕೀಲೆ. 2022ರ ನವೆಂಬರಿನಲ್ಲಿ ಗೆದ್ದರು, 2023ರ ಜನವರಿಯಲ್ಲಿ ಕುರ್ಚಿಯಲ್ಲಿ ಕೂತರು. ಪೊಲೀಸರ ಕೈಯಲ್ಲಿ ಜನ ಸತ್ತ ಹಳೇ ಫೈಲುಗಳನ್ನು ಮತ್ತೆ ಬಿಚ್ಚಿದರು. ಅದರಲ್ಲಿ ಒಂದು, 2021ರಲ್ಲಿ ಪಾರ್ಕಿನಲ್ಲಿ ಪೊಲೀಸರು ನೆಲಕ್ಕೆ ಒತ್ತಿ ಹಿಡಿದಾಗ ಸತ್ತ 26 ವರ್ಷದ ಯುವಕನದ್ದು. ಹಿಂದಿನ ಪ್ರಾಸಿಕ್ಯೂಟರ್ ಪೊಲೀಸರದ್ದು ತಪ್ಪಿಲ್ಲ ಎಂದು ಮುಚ್ಚಿದ್ದ ಫೈಲು. ಪ್ರೈಸ್ 2024ರ ಏಪ್ರಿಲಿನಲ್ಲಿ ಮೂವರು ಪೊಲೀಸರ ಮೇಲೆ ಕೇಸು ಹಾಕಿದರು. ಅವರಲ್ಲಿ ಇಬ್ಬರ ಮೇಲಿನ ಆರೋಪ, ಕೇಸು ಹಾಕುವ ಅವಧಿ ಮೀರಿತು ಎಂದು ಕೋರ್ಟಿನಲ್ಲಿ ಬಿದ್ದುಹೋಯಿತು. (ಅವಧಿ ತಪ್ಪಿಸುವ ರೋಗ ನಮ್ಮಲ್ಲಿ ಮಾತ್ರ ಎಂದು ನಾನು ಇಷ್ಟು ಕಾಲ ತಿಳಿದಿದ್ದೆ.)

ಆದರೆ ದಿನಾಂಕ ನೋಡಿ. ನಿಮ್ಮನ್ನು ಅಂಗಡಿ ಬಾಗಿಲಲ್ಲಿ ಸಹಿ ಕೇಳಿದ್ದು ಜನವರಿಯಲ್ಲಿ. ಪೊಲೀಸರ ಮೇಲೆ ಆ ಕೇಸು ಬಂದದ್ದು ಏಪ್ರಿಲಿನಲ್ಲಿ. ಹಾಗಾಗಿ ಸಹಿ ಹಾಕಿದವರು ಆ ಒಂದು ಕೇಸಿಗೆ ಸಿಟ್ಟಾಗಿ ಹಾಕಿದ್ದು ಅಂತ ಹೇಳಲಿಕ್ಕಾಗುವುದಿಲ್ಲ. ಕಾರಿನ ಗಾಜು ಒಡೆಯುವುದು, ಅಂಗಡಿ ದರೋಡೆ, ಕೊಲೆ ಕೇಸಿನಲ್ಲೂ ಶಿಕ್ಷೆ ಕಮ್ಮಿ ಕೇಳುತ್ತಾರೆ ಎಂಬ ದೂರು, ಇವೇ ಜನರ ಬಾಯಲ್ಲಿದ್ದದ್ದು. ನೂರಕ್ಕೆ ಸುಮಾರು 63 ಮಂದಿ ಇಳಿಸಿ ಎಂದರು.

ಕೊಲ್ಲಿಯ ಆಚೆ ದಡದ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಚೇಸಾ ಬೂಡಿನ್ ಅವರಿಗೆ ಇದೇ ಗತಿಯಾದದ್ದು 2022ರ ಜೂನ್ 7ರಂದು. ಅಲ್ಲಿ ನಿಮ್ಮ ಮಗನ ಮಾತಿಗೆ ಸ್ವಲ್ಪ ಜಾಸ್ತಿ ಬಲ ಉಂಟು. ಬೂಡಿನ್ ನಿಂತಾಗಲೇ ಪೊಲೀಸ್ ಸಂಘ ವಿರೋಧವಾಗಿತ್ತು. 2020ರಲ್ಲಿ ಅವರು ಒಬ್ಬ ಮಾಜಿ ಪೊಲೀಸನ ಮೇಲೆ ನರಹತ್ಯೆಯ ಕೇಸು ಹಾಕಿದರು. ಕೆಲಸಕ್ಕೆ ಸೇರಿ ನಾಲ್ಕನೇ ದಿನ, ಓಡುವ ಪೊಲೀಸ್ ಕಾರಿನ ಕಿಟಕಿಯ ಒಳಗಿಂದ ಗುಂಡು ಹೊಡೆದವ ಅವನು. ಬೂಡಿನ್ ಇಳಿದ ಮೇಲೆ ಬಂದ ಬ್ರೂಕ್ ಜೆಂಕಿನ್ಸ್ 2023ರಲ್ಲಿ ಆ ಕೇಸನ್ನು ಕೈಬಿಟ್ಟರು. ಹಾಗೆಂದು ಅಲ್ಲಿ 'ಇಳಿಸಿ' ಎಂದ ಸುಮಾರು 55 ಪರ್ಸೆಂಟ್ ಜನ ಪೊಲೀಸರ ಪರ ಎಂದು ತಿಳಿಯಬೇಡಿ. ಓಟಿನ ಚೀಟಿಯಲ್ಲಿ ಕಾರಣ ಬರೆಯಲು ಜಾಗ ಇಲ್ಲ. ಕಾರಿನ ಗಾಜು ಒಡೆಸಿಕೊಂಡವನ ಸಿಟ್ಟಿಗೂ ಪೊಲೀಸ್ ಸಂಘದ ಸಿಟ್ಟಿಗೂ ಒಂದೇ ಚೌಕ. ನನಗೆ ಈ ಪದ್ಧತಿಯಲ್ಲಿ ಹಿಡಿಸದೇ ಇರುವುದು ಇದೇ. ಗೆದ್ದ ಮೇಲೆ ಸಂಘದವರು 'ನೋಡಿ, ಜನ ನಮ್ಮ ಪರ' ಎನ್ನಬಹುದು. ಇಲ್ಲ ಎನ್ನುವುದಕ್ಕೆ ದಾಖಲೆ ಎಲ್ಲಿದೆ?

ಸಹಿ ಎತ್ತುವುದೂ ಸುಮ್ನೆ ಕೆಲಸವಲ್ಲ. ಲಾಸ್ ಏಂಜಲೀಸಿನಲ್ಲಿ ಜಾರ್ಜ್ ಗ್ಯಾಸ್ಕಾನ್ ಅವರನ್ನು ಇಳಿಸಲು 2022ರಲ್ಲಿ 7 ಲಕ್ಷಕ್ಕೂ ಹೆಚ್ಚು ಸಹಿ ಕೊಟ್ಟರು. ಬೇಕಾದದ್ದು 5,66,857. ಒಂದೊಂದನ್ನೇ ಮತದಾರರ ಪಟ್ಟಿಗೆ ಹಿಡಿದು ನೋಡಿದಾಗ ಉಳಿದದ್ದು 5,20,050. ಸುಮಾರು 2 ಲಕ್ಷ ಸಹಿ ಕಸದ ಬುಟ್ಟಿಗೆ. ಎರಡು ಸಲ ಹಾಕಿದವರು, ಪಟ್ಟಿಯಲ್ಲೇ ಇಲ್ಲದವರು, ಊರು ಬಿಟ್ಟವರು. ನೀವು ಅಂದು ಹಾಕದಿದ್ದದ್ದು ಒಳ್ಳೆಯದಾಯಿತು.

ಇನ್ನೊಂದು ಮಗ್ಗುಲೂ ಉಂಟು, ಅದನ್ನು ನಿಮ್ಮ ಮಗನಿಗೆ ಹೇಳಿ. 2014ರ ಅಕ್ಟೋಬರಿನಲ್ಲಿ ಶಿಕಾಗೊದಲ್ಲಿ 17 ವರ್ಷದ ಹುಡುಗನಿಗೆ ಒಬ್ಬ ಪೊಲೀಸ್ 16 ಗುಂಡು ಹೊಡೆದ. ಪೊಲೀಸ್ ಕಾರಿನ ಕ್ಯಾಮೆರಾದಲ್ಲಿ ಎಲ್ಲಾ ಇತ್ತು. ಪ್ರಾಸಿಕ್ಯೂಟರ್ ಅನೀಟಾ ಅಲ್ವಾರೆಜ್ ಕೇಸು ಹಾಕಲು 400 ದಿನ ತೆಗೆದುಕೊಂಡರು. ಹಾಕಿದ್ದು ಯಾವಾಗ? ಕೋರ್ಟು ಹೇಳಿದ್ದರಿಂದ ವಿಡಿಯೊ ಹೊರಗೆ ಬಂದ ದಿನವೇ! 2016ರ ಮಾರ್ಚ್ 15ರಂದು ಪಕ್ಷದೊಳಗಿನ ಚುನಾವಣೆಯಲ್ಲಿ ಜನ ಅವರನ್ನು ಸೋಲಿಸಿದರು. ಅದೇ ದಿನ ಕ್ಲೀವ್‌ಲ್ಯಾಂಡಿನ ಪ್ರಾಸಿಕ್ಯೂಟರೂ ಸೋತರು. ಅಲ್ಲಿ ಆಟದ ಪಿಸ್ತೂಲು ಹಿಡಿದಿದ್ದ 12 ವರ್ಷದ ಹುಡುಗನನ್ನು ಪೊಲೀಸ್ ಕೊಂದಿದ್ದ, ಕೇಸೇ ಆಗಿರಲಿಲ್ಲ. ಶಿಕಾಗೊದ ಪೊಲೀಸನಿಗೆ 2018ರಲ್ಲಿ ಕೊಲೆಯ ಅಪರಾಧ ಸಾಬೀತಾಯಿತು.

ಎರಡೂ ಕಡೆ ವಿಡಿಯೊ ಇತ್ತು ಎಂಬುದನ್ನು ಮರೆಯಬೇಡಿ. ಪೊಲೀಸರನ್ನು ಕೆಣಕಿದ ಪ್ರಾಸಿಕ್ಯೂಟರನ್ನು ಇಳಿಸಲಿಕ್ಕೆ ಸಂಘ ಉಂಟು, ದುಡ್ಡು ಉಂಟು. ಕೆಣಕದೆ ಕೂತವರನ್ನು ಇಳಿಸಲಿಕ್ಕೆ ಸತ್ತವನ ತಾಯಿಯ ಹತ್ತಿರ ಏನುಂಟು? ವಿಡಿಯೊ ಇದ್ದರೆ ಅದೊಂದು.

ಪ್ರಶ್ನೆ: ನಮ್ಮ ಜಿಲ್ಲೆಯ ಪಬ್ಲಿಕ್ ಪ್ರಾಸಿಕ್ಯೂಟರ್ ಯಾರೆಂದೇ ನಮಗೆ ಗೊತ್ತಿಲ್ಲ. ಅವರನ್ನು ಇಳಿಸುವುದು ಹಾಗಿರಲಿ, ಆರಿಸುವುದು ಯಾರು? ನಮ್ಮಲ್ಲೂ ಇಂಥ ಓಟು ಬಂದರೆ ಒಳ್ಳೆಯದಲ್ವಾ?
– ನಿವೃತ್ತ ಮಾಸ್ತರರು, ಪೆರ್ಲ

ಉತ್ತರ: ಮಾಸ್ತರರೇ, ಸೆಷನ್ಸ್ ಕೋರ್ಟಿನ ಪಬ್ಲಿಕ್ ಪ್ರಾಸಿಕ್ಯೂಟರನ್ನು ನೇಮಿಸುವುದು ರಾಜ್ಯ ಸರಕಾರ. ಜಿಲ್ಲಾ ಮ್ಯಾಜಿಸ್ಟ್ರೇಟರು ಅಂದರೆ ಕಲೆಕ್ಟರರು ಸೆಷನ್ಸ್ ಜಡ್ಜರ ಹತ್ತಿರ ಕೇಳಿ ಒಂದು ಪಟ್ಟಿ ಮಾಡುತ್ತಾರೆ. ಕನಿಷ್ಠ 7 ವರ್ಷ ವಕೀಲಿ ಮಾಡಿರಬೇಕು. ಆ ಪಟ್ಟಿಯಲ್ಲಿ ಯಾರನ್ನು ಎತ್ತುತ್ತಾರೆ ಎಂಬುದನ್ನು ವಿದ್ಯಾನಗರದ ಕೋರ್ಟು ಕ್ಯಾಂಟೀನಿನಲ್ಲಿ ಚಾ ಕುಡಿಯುವವರು ಮೊದಲೇ ಹೇಳುತ್ತಾರೆ. ಸರಕಾರ ಬದಲಾದರೆ ಹೆಸರೂ ಬದಲಾಗುತ್ತದೆ. ನನ್ನಂಥ ಸಹಾಯಕ ಪ್ರಾಸಿಕ್ಯೂಟರುಗಳು ಮಾತ್ರ ಪಿಎಸ್‌ಸಿ ಪರೀಕ್ಷೆ ಬರೆದು ಬಂದು, ಪೆನ್ಶನ್ ತನಕ ಮ್ಯಾಜಿಸ್ಟ್ರೇಟ್ ಕೋರ್ಟುಗಳಲ್ಲಿ ಸುತ್ತುವವರು.

ಓಟು ಬೇಕಾ ಎಂದರೆ ನನಗೆ ಹೆದರಿಕೆ. ನಮ್ಮ ಮಂಜೇಶ್ವರದಲ್ಲಿ 2016ರಲ್ಲಿ ಎಂಎಲ್‌ಎ ಗೆದ್ದದ್ದು 89 ಓಟಿನಲ್ಲಿ. ಅಷ್ಟು ಹತ್ತಿರದ ಜಗಳ ಇರುವ ಕಡೆ ಒಂದೆರಡು ಠಾಣೆಯ ಪೊಲೀಸರ ಮನೆಯವರ ಓಟೇ ಸಾಕು, ಪ್ರಾಸಿಕ್ಯೂಟರ್ ಬಾಯಿ ಮುಚ್ಚಲಿಕ್ಕೆ. ಮತ್ತೆ ನಮ್ಮ ಜಿಲ್ಲೆಯಲ್ಲಿ ಓಟೆಂದರೆ ಗೊತ್ತಲ್ಲ. ಮೊದಲು ಬಾವುಟ, ಆಮೇಲೆ ಭಾಷೆ, ಆಮೇಲೆ ಮನುಷ್ಯ.

ಹಾಗಂತ ಈಗಿನದ್ದು ಚಂದ ಎಂದು ನಾನು ಹೇಳುವುದಿಲ್ಲ. 2015ರ ಮಾರ್ಚಿನಲ್ಲಿ ಬಜೆಟ್ ದಿನ ಕೇರಳ ವಿಧಾನಸಭೆಯಲ್ಲಿ ಕುರ್ಚಿ, ಕಂಪ್ಯೂಟರ್ ಎಲ್ಲ ಪುಡಿಯಾದದ್ದು ಟಿವಿಯಲ್ಲಿ ನೋಡಿದ್ದೀರಿ. ಆಗ ವಿರೋಧ ಪಕ್ಷದಲ್ಲಿದ್ದು ಕೇಸಿಗೆ ಸಿಕ್ಕಿದವರ ಕಡೆಯವರೇ ಆಮೇಲೆ ಸರಕಾರ ಮಾಡಿದರು. ಕೇಸು ಹಿಂದೆ ತೆಗೆಯಲು ಪ್ರಾಸಿಕ್ಯೂಟರ್ ಅರ್ಜಿ ಹಾಕಿದರು. ಸುಪ್ರೀಂ ಕೋರ್ಟು 2021ರ ಜುಲೈ 28ರಂದು ಆಗುವುದಿಲ್ಲ ಎಂದಿತು. ಕೇಸು ಹಿಂದೆ ತೆಗೆಯುವಾಗ ಪ್ರಾಸಿಕ್ಯೂಟರ್ ಸ್ವಂತ ತಲೆ ಓಡಿಸಬೇಕು, ಸರಕಾರದ ಅಂಚೆಯವನಾಗಬಾರದು ಎಂಬುದು ಕಾನೂನಿನಲ್ಲಿ ಮೊದಲಿಂದಲೂ ಇದ್ದ ಮಾತು. ಈಗ 2024ರ ಜುಲೈ 1ರಿಂದ ಬಂದ ಹೊಸ ಬಿಎನ್‌ಎಸ್‌ಎಸ್ ಕಾನೂನಿನಲ್ಲಿ (ಕ್ರಿಮಿನಲ್ ಕೇಸು ಹೇಗೆ ನಡೆಸಬೇಕು ಎಂದು ಹೇಳುವ ಕಾನೂನು) ಒಂದು ಒಳ್ಳೆಯದು ಸೇರಿದೆ. ಕೇಸು ಹಿಂದೆ ತೆಗೆಯುವ ಮೊದಲು ನೊಂದವರ ಮಾತನ್ನು ಕೋರ್ಟು ಕೇಳಲೇಬೇಕು. ಕಲಂ 360. ಊರಿಗೆಲ್ಲ ಓಟು ಕೊಡುವುದಕ್ಕಿಂತ ಪೆಟ್ಟು ತಿಂದವನಿಗೆ ಒಂದು ಮಾತು ಕೊಡುವುದು ನನಗೆ ದೊಡ್ಡದಾಗಿ ಕಾಣುತ್ತದೆ.

ಪ್ರಶ್ನೆ: ಕೋರ್ಟಿನಲ್ಲಿ ಪ್ರಾಸಿಕ್ಯೂಟರಿಗೆ ಪೊಲೀಸರು ಸೆಲ್ಯೂಟ್ ಹೊಡೆಯುತ್ತಾರಾ?
– ಒಂಬತ್ತನೇ ಕ್ಲಾಸಿನ ಹುಡುಗ, ಕುಂಬಳೆ

ಉತ್ತರ: ನನಗೆ ಹೊಡೆಯುತ್ತಿದ್ದರು. ರಿಟೈರ್ ಆದ ಮರುದಿನದಿಂದ ಇಲ್ಲ.

ಪ್ರಶ್ನೆ: ಅಣ್ಣಾ, ಹೆಸರು ಹಾಕಬೇಡಿ. ನನ್ನ ತಮ್ಮನ ಮಗನನ್ನು ಬೈಕಿನ ಕಾಗದ ಪತ್ರ ಇಲ್ಲ ಎಂದು ಠಾಣೆಗೆ ಕರೆದುಕೊಂಡು ಹೋಗಿ ಕೆನ್ನೆಗೆ ಹೊಡೆದಿದ್ದಾರೆ. ಎಡಗಿವಿ ಸರಿ ಕೇಳುವುದಿಲ್ಲ. ದೂರು ಕೊಡಲು ಹೋದರೆ ಅದೇ ಠಾಣೆಯವರು 'ಮಲಯಾಳದಲ್ಲಿ ಬರೆದುಕೊಂಡು ನಾಳೆ ಬನ್ನಿ' ಎಂದರು. ಐದು ದಿನ ಆಯಿತು. ಏನು ಮಾಡಬೇಕು?
– ಒಬ್ಬ ತಂಗಿ, ಬದಿಯಡ್ಕ ಕಡೆಯಿಂದ

ಉತ್ತರ: ತಂಗೀ, ನಿಮಗೆ ಫೋನಿನಲ್ಲೇ ಹೇಳಿದ್ದೇನೆ. ಇಲ್ಲಿ ಬರೆಯುವುದು ಇನ್ನೊಬ್ಬರಿಗೆ ಉಪಯೋಗವಾಗಲಿ ಎಂದು.

ಮೊದಲು ಡಾಕ್ಟರು. ಠಾಣೆಗೆ ಆಮೇಲೆ. ಸರಕಾರಿ ಆಸ್ಪತ್ರೆಗೆ ಹೋಗಿ, 'ಹೇಗಾಯಿತು' ಎಂದು ಕೇಳಿದಾಗ 'ಬಿದ್ದದ್ದು' ಎನ್ನಬೇಡಿ. ಹುಡುಗರು ಹೆದರಿ ಹಾಗೆ ಹೇಳುತ್ತಾರೆ. ಒಂದು ಸಲ ಆ ಮಾತು ಆಸ್ಪತ್ರೆಯ ಪುಸ್ತಕದಲ್ಲಿ ಬಿದ್ದರೆ, ಮೂರು ವರ್ಷ ಬಿಟ್ಟು ಎದುರು ವಕೀಲ ಅದನ್ನೇ ಎತ್ತಿ ತೋರಿಸುತ್ತಾನೆ. ಪೊಲೀಸರು ಹೊಡೆದರು, ಇಂಥ ದಿನ, ಇಷ್ಟು ಹೊತ್ತಿಗೆ ಎಂದೇ ಹೇಳಿ, ಬರೆಸಿ. ಕಿವಿಯ ಡಾಕ್ಟರಿಂದ ಕೇಳುವ ಪರೀಕ್ಷೆ ಮಾಡಿಸಿ. ಕಿವಿಯ ತಮಟೆಗೆ ಆದ ತೂತು ಕೆಲವು ವಾರದಲ್ಲಿ ತಾನೇ ಮುಚ್ಚಿಕೊಳ್ಳಬಹುದು. ಹುಡುಗನಿಗೆ ಅದು ಒಳ್ಳೆಯದು, ಕೇಸಿಗೆ ಅಲ್ಲ.

ಎರಡನೆಯದು ಸಿಸಿಟಿವಿ. ಪ್ರತಿ ಠಾಣೆಯಲ್ಲೂ ಕ್ಯಾಮೆರಾ ಇರಬೇಕು ಎಂದು ಸುಪ್ರೀಂ ಕೋರ್ಟು 2020ರ ಡಿಸೆಂಬರ್ 2ರಂದು ಹೇಳಿದೆ. ರೆಕಾರ್ಡಿಂಗನ್ನು ಕನಿಷ್ಠ ಒಂದು ವರ್ಷ ಇಡಬೇಕು. ಆದರೆ ಇಟ್ಟಿರುತ್ತಾರೆ ಎಂದು ನಂಬಿ ಕೂರಬೇಡಿ. ಇಂಥ ದಿನದ, ಇಂಥ ಹೊತ್ತಿನ ದೃಶ್ಯವನ್ನು ಅಳಿಸದೆ ಇಡಿ ಎಂದು ಇವತ್ತೇ ಬರೆದು ಕೊಡಿ. ಶಿಕಾಗೊದ ಕಥೆ ಮೇಲೆ ಹೇಳಿದೆನಲ್ಲ.

ದೂರನ್ನು ಜಿಲ್ಲಾ ಪೊಲೀಸ್ ಮುಖ್ಯಸ್ಥರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಶೀದಿ ಜೋಪಾನ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಹೀಗೆ ಮಾಡಬಹುದು ಎಂದು ಬಿಎನ್‌ಎಸ್‌ಎಸ್ ಕಲಂ 173ರಲ್ಲೇ ಉಂಟು. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟು. ಸರಕಾರಿ ನೌಕರರ ಮೇಲೆ ನೇರ ಖಾಸಗಿ ದೂರು ಹಾಕಿದರೆ, ಹೊಸ ಕಾನೂನಿನ ಪ್ರಕಾರ ಮೊದಲು ಅವರ ಮಾತನ್ನೂ ಅವರ ಮೇಲಧಿಕಾರಿಯ ವರದಿಯನ್ನೂ ಕೋರ್ಟು ನೋಡಬೇಕು. ಹಾಗಾಗಿ ತಡವಾಗುತ್ತದೆ. ಬೇಸರ ಮಾಡಬೇಡಿ.

ಪೊಲೀಸ್ ದೂರು ಪ್ರಾಧಿಕಾರ ಎಂದು ಇನ್ನೊಂದು ಉಂಟು. 2006ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಪ್ರಕಾಶ್ ಸಿಂಗ್ ತೀರ್ಪಿನಿಂದ ಬಂದದ್ದು, ಕೇರಳದಲ್ಲಿ 2011ರ ಪೊಲೀಸ್ ಕಾಯ್ದೆಯಲ್ಲಿ ಸೇರಿದೆ. ಡಿವೈಎಸ್‌ಪಿ ಮತ್ತು ಅದಕ್ಕಿಂತ ಕೆಳಗಿನವರ ಮೇಲಿನ ದೂರನ್ನು ಜಿಲ್ಲಾ ಪ್ರಾಧಿಕಾರ ಕೇಳುತ್ತದೆ. ಅದು ಶಿಕ್ಷೆ ಕೊಡುವ ಕೋರ್ಟಲ್ಲ, ವಿಚಾರಿಸಿ ಶಿಫಾರಸು ಮಾಡುತ್ತದೆ ಅಷ್ಟೆ. ಆದರೂ ಅಲ್ಲಿ ಒಂದು ಫೈಲು ನಂಬರು ಬಿದ್ದರೆ ಠಾಣೆಯವರ ಧ್ವನಿ ಬದಲಾಗುವುದನ್ನು ನಾನು ಕಂಡಿದ್ದೇನೆ.

ಕೇಸು ಶುರುವಾದ ಮೇಲೆ ಪ್ರಾಸಿಕ್ಯೂಟರಿಗೆ ಸಹಾಯಕ್ಕೆಂದು ನಿಮ್ಮದೇ ವಕೀಲರನ್ನು ಇಡಲು ಕೋರ್ಟಿನ ಅನುಮತಿ ಕೇಳಬಹುದು. ದಯವಿಟ್ಟು ಇಡಿ. ಯಾಕೆ ಎಂಬುದು ಮುಂದಿನ ಪ್ರಶ್ನೆಯಲ್ಲಿ.

ಭಾಷೆಯ ವಿಷಯ. 1969ರ ಕೇರಳ ರಾಜ್ಯಭಾಷಾ ಕಾನೂನಿನಲ್ಲಿ ಕನ್ನಡಿಗರು ನಮ್ಮ ಪ್ರದೇಶದ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವನ್ನೂ ಕನ್ನಡದಲ್ಲೇ ಪಡೆಯಬಹುದು ಎಂದಿದೆ. ಆದ್ದರಿಂದ ಕನ್ನಡದಲ್ಲೇ ಬರೆಯಿರಿ. ಜೊತೆಗೆ ಒಂದು ಮಲಯಾಳ ಪ್ರತಿಯನ್ನೂ ಪಿನ್ ಮಾಡಿ. ಇದು ಸೋಲು ಎಂದು ನಮ್ಮ ಭಾಷಾ ಹೋರಾಟದ ಗೆಳೆಯರು ಬಯ್ಯಬಹುದು, ಬಯ್ಯಲಿ. ಹಕ್ಕಿನ ಜಗಳ ಮುಗಿಯುವ ಹೊತ್ತಿಗೆ ಕಿವಿಯ ಗಾಯ ಒಣಗಿರುತ್ತದೆ.

ಪ್ರಶ್ನೆ: ಸಾರ್, ನಾನು ಕಾನೂನು ಓದುತ್ತಿದ್ದೇನೆ. ದಿನಾ ಪೊಲೀಸರ ಪರ ನಿಂತು ವಾದಿಸುವ ಪ್ರಾಸಿಕ್ಯೂಟರೇ ಪೊಲೀಸರ ಮೇಲಿನ ಕೇಸನ್ನೂ ನಡೆಸಬೇಕು ಎಂದರೆ ಅದು ನಾಟಕ ಅಲ್ವಾ? ನೀವು ಅಂಥ ಕೇಸು ನಡೆಸಿದ್ದೀರಾ? ನಿಮ್ಮನ್ನು ಇಳಿಸಬೇಕು ಎಂದು ಯಾರಿಗಾದರೂ ಅನಿಸಿದ್ದುಂಟಾ?
– ವಿದ್ಯಾರ್ಥಿನಿ, ಕಾಸರಗೋಡು

ಉತ್ತರ: ಮಗಳೇ, ಮೂರು ಪ್ರಶ್ನೆ ಒಟ್ಟಿಗೆ ಕೇಳಿದ್ದೀ. ಕ್ರಾಸ್ ಮಾಡುವಾಗ ಹೀಗೆ ಕೇಳಬಾರದು, ಸಾಕ್ಷಿ ಸುಲಭದ್ದಕ್ಕೆ ಉತ್ತರ ಕೊಟ್ಟು ಜಾರಿಕೊಳ್ಳುತ್ತಾನೆ. ನಾನು ಜಾರುವುದಿಲ್ಲ.

ಮೊದಲನೆಯದು. ಕಾಗದದ ಮೇಲೆ ನಾವು ಪೊಲೀಸರ ಪರ ಅಲ್ಲ, ಸರಕಾರದ ಪರ. 1973ರ ಕ್ರಿಮಿನಲ್ ಪ್ರೊಸೀಜರ್ ಕಾನೂನು ಬರುವ ತನಕ ಮ್ಯಾಜಿಸ್ಟ್ರೇಟ್ ಕೋರ್ಟುಗಳಲ್ಲಿ ಪೊಲೀಸ್ ಅಧಿಕಾರಿಗಳೇ ಕೇಸು ನಡೆಸುವುದಿತ್ತು. ಆಮೇಲೆ ನಮ್ಮನ್ನು ಬೇರೆ ಮಾಡಿದರು, ಪೊಲೀಸ್ ಅಧಿಕಾರಿ ಸಹಾಯಕ ಪ್ರಾಸಿಕ್ಯೂಟರ್ ಆಗುವ ಹಾಗಿಲ್ಲ ಎಂದೇ ಬರೆದರು. ಆದರೆ ಸಮನ್ಸ್ ಕೊಟ್ಟು ನನ್ನ ಸಾಕ್ಷಿಯನ್ನು ಕರೆತರುವವನು ಪೊಲೀಸ್. ಫೈಲು ತರುವವನು ಪೊಲೀಸ್. ಮಳೆ ಬಂದರೆ ಬಸ್‌ಸ್ಟ್ಯಾಂಡಿಗೆ ಬಿಡುವ ಜೀಪೂ ಪೊಲೀಸರದ್ದು. ಬೆಳಿಗ್ಗೆ ಒಬ್ಬ ಎಸ್‌ಐಯನ್ನು ಆರೋಪಿಯ ಕಟಕಟೆಯಲ್ಲಿ ನಿಲ್ಲಿಸಿ, ಮಧ್ಯಾಹ್ನ ಅವನ ಠಾಣೆಯ ಆರು ಕೇಸಿಗೆ ಸಾಕ್ಷಿ ಬರಲಿ ಎಂದು ಕಾಯಬೇಕು. ಬರುವುದಿಲ್ಲ.

ಎರಡನೆಯದು. ನಡೆಸಿದ್ದೇನೆ, ಒಂದೇ ಒಂದು. ಸಾಕ್ಷಿಗಳಾಗಿದ್ದ ಮೂವರು ಪೊಲೀಸರೂ 'ನಾನು ಆ ದಿನ ರಜೆಯಲ್ಲಿದ್ದೆ', 'ನೋಡಿಲ್ಲ', 'ನೆನಪಿಲ್ಲ' ಎಂದರು. ಆರೋಪಿ ಬಿಡುಗಡೆ. ಪೊಲೀಸನೇ ಬಾಯಿ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ವಯನಾಡಿನ ಕೇಸು ಓದು. 1970ರ ಫೆಬ್ರವರಿಯಲ್ಲಿ ತಿರುನೆಲ್ಲಿ ಕಾಡಿನಲ್ಲಿ ನಕ್ಸಲ್ ನಾಯಕ ವರ್ಗೀಸ್ ಎನ್‌ಕೌಂಟರಿನಲ್ಲಿ ಸತ್ತರು ಎಂದು ಪೊಲೀಸರು ಹೇಳಿದ್ದರು. 1998ರಲ್ಲಿ ಕಾನ್‌ಸ್ಟೇಬಲ್ ರಾಮಚಂದ್ರನ್ ನಾಯರ್, 'ಹಿಡಿದು ತಂದವರನ್ನು ಮೇಲಿನವರ ಅಪ್ಪಣೆಯಂತೆ ನಾನೇ ಗುಂಡು ಹೊಡೆದು ಕೊಂದದ್ದು' ಎಂದು ಒಪ್ಪಿಕೊಂಡರು. ಸಿಬಿಐ ತನಿಖೆಯಾಗಿ ಮಾಜಿ ಐಜಿ ಲಕ್ಷ್ಮಣ ಅವರಿಗೆ 2010ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ನಡುವೆ 40 ವರ್ಷ. ಅಷ್ಟರಲ್ಲಿ ಎಷ್ಟು ಪ್ರಾಸಿಕ್ಯೂಟರುಗಳು ಬಂದು ಹೋದರೋ! ಯಾರನ್ನು ಇಳಿಸುತ್ತೀ?

ಮೂರನೆಯದು. ಇಳಿಸಬೇಕು ಎಂದು ಅನಿಸಬೇಕಾಗಿದ್ದವನಿಗೆ ನಾನು ಯಾರೆಂದೇ ಗೊತ್ತಿರಲಿಲ್ಲ.

ಹಿಡಿದು ತಂದವರನ್ನು ಪೊಲೀಸರು ಹೇಗೆ ನಡೆಸಿಕೊಳ್ಳಬೇಕು ಎಂದು ಸುಪ್ರೀಂ ಕೋರ್ಟು ಹೇಳಿದ ಡಿ.ಕೆ. ಬಸು ತೀರ್ಪು ಬಂದದ್ದು 1996ರ ಡಿಸೆಂಬರಿನಲ್ಲಿ. ಇದು ಅದಕ್ಕೆ ಒಂದೆರಡು ವರ್ಷ ಮೊದಲು. ಭಜನಾ ಮಂದಿರದ ಕಾಣಿಕೆ ಡಬ್ಬಿ ಒಡೆದ ಕೇಸು. ಆರೋಪಿ ಉತ್ತರ ಕರ್ನಾಟಕದ ಕಡೆಯವ, ಕೆಂಪುಕಲ್ಲಿನ ಕೋರೆಗೆ ಕೆಲಸಕ್ಕೆ ಬಂದವ. ರಿಮಾಂಡಿಗೆ ತಂದಿದ್ದರು. ಕಾಲಿನ ಅಂಗಾಲು ನೆಲಕ್ಕೆ ತಾಗಿಸದೆ ಪಾದದ ಅಂಚಿನಲ್ಲಿ ನಿಂತಿದ್ದ, ಕಾದ ಹಂಚಿನ ಮೇಲೆ ನಿಂತ ಹಾಗೆ. ಕೋರ್ಟಿನಲ್ಲಿ ಹತ್ತು ವರ್ಷ ಕಳೆದವನಿಗೆ ಹಾಗೆ ನಿಲ್ಲುವುದು ಯಾಕೆಂದು ಗೊತ್ತಾಗದೆ ಇರುವುದಿಲ್ಲ.

ಮ್ಯಾಜಿಸ್ಟ್ರೇಟರು ದಕ್ಷಿಣದ ಕಡೆಯವರು, ಒಳ್ಳೆಯ ಮನುಷ್ಯ. ನಿಯಮದ ಪ್ರಕಾರ ಕೇಳಿದರು: "ಪರಾತಿ ಉಂಡೋ?" ದೂರು ಇದೆಯಾ ಎಂದು. ಆ ಹುಡುಗನ ಊರಿನಲ್ಲಿ ಪರಾತ ಎಂದರೆ ದೊಡ್ಡ ತಟ್ಟೆ. ಉಂಡೋ ಎಂದರೆ ಉಂಡೆಯಾ ಎಂದು ಅವನ ಕಿವಿಗೆ ಬಿದ್ದಿರಬೇಕು. ಇಷ್ಟು ದೊಡ್ಡ ಸಾಹೇಬರು ತನ್ನ ಊಟ ವಿಚಾರಿಸುತ್ತಾರಲ್ಲ ಎಂದು ಕೈ ಮುಗಿದು, "ಉಂಡೇನ್ರೀ ಸಾಹೇಬ್ರ" ಎಂದ.

ಕೋರ್ಟಿನಲ್ಲಿ ಕನ್ನಡ ಬರುವವರೆಲ್ಲ ನಕ್ಕರು. ನಾನೂ ನಕ್ಕೆ. ಮ್ಯಾಜಿಸ್ಟ್ರೇಟರು ಏನಂತೆ ಎಂದು ಕೇಳಿದರು. ಅವನನ್ನು ಹಿಡಿದುಕೊಂಡು ಬಂದಿದ್ದ ಪೊಲೀಸನೇ ಮಲಯಾಳದಲ್ಲಿ ಹೇಳಿದ, ದೂರು ಏನೂ ಇಲ್ಲವಂತೆ ಎಂದು. ಮ್ಯಾಜಿಸ್ಟ್ರೇಟರು ನನ್ನ ಕಡೆ ನೋಡಿದರು. ನಾನು ಫೈಲಿನ ಕಡೆ ನೋಡಿದೆ. 'ದೂರು ಇಲ್ಲ' ಎಂದು ಬರೆದುಕೊಂಡರು, ಹದಿನಾಲ್ಕು ದಿನ ರಿಮಾಂಡ್ ಆಯಿತು. ಅವನು ಪಾದದ ಅಂಚಿನಲ್ಲೇ ಮೆಟ್ಟಿಲು ಇಳಿದು ಹೋದ.

ಗಂಟೆ ಒಂದಾಗಿತ್ತು. ನಾನು ಊಟಕ್ಕೆ ಎದ್ದೆ.